ಪರದೆ ಹಿಡಿದವಳು

ಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ಒಂದು ಲಕ್ಷ್ಮಿಯ ಪಟ ಇತ್ತು. ಅದು ಅಜ್ಜಿಯ ಕಾಲದ್ದು. ಅಪ್ಪ ಮೈಸೂರಿನಿಂದ ಬೆಂಗಳೂರಿಗೆ ವರ್ಗವಾಗಿ ಬಂದು, ಸಿಐಟಿಬಿ ಸೈಟಿನಲ್ಲಿ ಸಾಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಸಿದಾಗ, ಗೃಹಪ್ರವೇಶಕ್ಕೆಂದು ಅಜ್ಜಿ ಆ ಪಟವನ್ನು ಹಳೆಯ ಪಂಚೆಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರಂತೆ. ಗಾಜಿನೊಳಗೆ ಲಕ್ಷ್ಮಿಯ ಸೀರೆಯ ಅಂಚಿಗೆ ನಿಜವಾದ ಜರಿಯ ಚೂರು, ಸೆರಗಿಗೆ ಚಮಕಿ, ಕೊರಳಿಗೆ ಸಾಸಿವೆ ಕಾಳಿನಷ್ಟು ಸಣ್ಣ ಮಣಿಗಳನ್ನು ಅಂಟಿಸಿದ್ದರು. ಅಂಥ ಪಟ ನಿಮ್ಮ ತವರಿನಲ್ಲೂ ಇದ್ದೀತು. ಹಳೆ ಮೈಸೂರಿನ ಕಡೆ ಹೆಣ್ಣುಮಕ್ಕಳು ಮಧ್ಯಾಹ್ನ ಊಟವಾದ ಮೇಲೆ ಕೂತು ದೇವರ ಪಟಗಳಿಗೆ ಹೀಗೆ ಸೀರೆ ಉಡಿಸುತ್ತಿದ್ದರು.

ಶುಕ್ರವಾರ ಸಂಜೆ ದೀಪ ಹಚ್ಚಿದಾಗ ಆ ಚಮಕಿ ಮಿನುಗುತ್ತಿತ್ತು. ಅಜ್ಜಿ ನನ್ನ ಗಲ್ಲ ಹಿಡಿದು, "ಲಕ್ಷ್ಮಿ ಹಾಗೆ ಇರಬೇಕು ಹೆಣ್ಣು" ಎನ್ನುತ್ತಿದ್ದರು. ನಾನು ಪಟದಲ್ಲಿದ್ದ ಮುಖ ನೋಡುತ್ತಿದ್ದೆ, ಆಮೇಲೆ ಬೀರುವಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ. ಪಟದಲ್ಲಿದ್ದವಳು ಹಾಲಿನಂತೆ ಬೆಳ್ಳಗಿದ್ದಳು. ನಾನು ಕಪ್ಪಗಿದ್ದೆ. ನಮ್ಮ ಕಡೆ ಅದನ್ನು ಕಪ್ಪು ಎನ್ನುವುದಿಲ್ಲ. "ಎಣ್ಣೆಗೆಂಪು" ಎನ್ನುತ್ತಾರೆ. ವಧು ಬೇಕಾಗಿದೆ, ವರ ಬೇಕಾಗಿದೆ ಎಂಬ ಜಾಹೀರಾತುಗಳನ್ನು ಓದಿದವರಿಗೆಲ್ಲ ಆ ಮಾತು ಗೊತ್ತು.

1990ರಲ್ಲಿ ನನ್ನ ಬಿ.ಎಡ್. ಮುಗಿದ ಕೂಡಲೇ ಅಮ್ಮ ನನ್ನನ್ನು ಬಡಾವಣೆಯ ಒಂದು ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋದರು. ಗಂಡಿನ ಕಡೆಯವರಿಗೆ ಕೊಡಲು ಫೋಟೋ ಬೇಕಿತ್ತು. ಹಿಂದೆ ಒಂದು ಪರದೆ. ಅದರ ಮೇಲೆ ಕೊಳ, ಕಮಲ, ಮೆಟ್ಟಿಲು ಬರೆದಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು. ಫೋಟೋದವರು ನನ್ನ ಗಲ್ಲವನ್ನು ಬೆರಳಿನಿಂದ ತಿರುಗಿಸಿ, ಅಮ್ಮನಿಗೆ, "ಅಮ್ಮಾ, ಬಣ್ಣ ಸ್ವಲ್ಪ ಲೈಟ್ ಮಾಡಿ ಕೊಡ್ತೀನಿ, ಯೋಚನೆ ಮಾಡಬೇಡಿ" ಎಂದರು. ಹಾಗೇ ಮಾಡಿಕೊಟ್ಟರು. ಮೊದಲು ಬಂದ ಗಂಡಿನ ಮನೆಯ ಹಿರಿಯರೊಬ್ಬರು ಉಪ್ಪಿಟ್ಟು, ಕೇಸರಿಬಾತು ತಿಂದು, ಕೈ ತೊಳೆದು, "ಫೋಟೋದಲ್ಲಿ ಇನ್ನೂ ಬೆಳ್ಳಗಿದ್ದಳಲ್ಲ" ಎಂದರು. ಆ ಮಾತು ಮೂವತ್ತು ವರ್ಷ ಕಳೆದರೂ ನನ್ನ ಕಿವಿಯಲ್ಲಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಚಿತ್ರಕಲೆ ಓದುತ್ತಿದ್ದ ನನ್ನ ಅಕ್ಕನ ಮಗಳು ಒಂದು ಪುಸ್ತಕ ತಂದಳು. "ಚಿಕ್ಕಮ್ಮ, ಇದು ನಿಮ್ಮ ಮನೆ ಲಕ್ಷ್ಮಿ ಅಲ್ವಾ, ನೋಡಿ" ಎಂದು ಒಂದು ಪುಟ ತೆಗೆದಳು. ಕನ್ನಡಕ ಹಾಕಿಕೊಂಡು ನೋಡಿದೆ. ಹೌದು, ಅದೇ ಕಮಲ, ಅದೇ ನಾಲ್ಕು ಕೈ, ಅದೇ ನಿಲುವು. ಆದರೆ ಏನೋ ಬೇರೆ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಇದು ಬರೆದ ಚಿತ್ರ ಅಲ್ಲ, ಫೋಟೋ. ಯಾರೋ ಒಬ್ಬ ಹೆಂಗಸು ಕಿರೀಟ ಇಟ್ಟುಕೊಂಡು, ಬಣ್ಣದ ಪರದೆಯ ಮುಂದೆ ನಿಂತು, ನೇರ ನನ್ನನ್ನೇ ನೋಡುತ್ತಿದ್ದಾರೆ. ನಿಜವಾದ ಹೆಂಗಸಿಗೆ ಇರುವುದು ಎರಡೇ ಕೈ. ಮಿಕ್ಕ ಎರಡನ್ನು ಮಾಡಿಸಿದ್ದಾರೆ. ನನಗೆ ನಗು ಬಂತು, ಜೊತೆಗೆ ಸ್ವಲ್ಪ ಭಯವೂ ಆಯಿತು. "ಯಾರಮ್ಮಾ ಇವರು?" ಎಂದೆ. "ಪುಷ್ಪಮಾಲಾ. ನಮ್ಮ ಬೆಂಗಳೂರಿನವರೇ" ಎಂದಳು.

ಪುಷ್ಪಮಾಲಾ ಅವರ ವಿಷಯ ಹೇಳುವ ಮೊದಲು ನಮ್ಮ ಪಟದ ಚರಿತ್ರೆಯನ್ನು ಸ್ವಲ್ಪ ಹೇಳಬೇಕು.

ಕೇರಳದ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ರಾಜಾ ರವಿವರ್ಮ ಎಣ್ಣೆಬಣ್ಣದಲ್ಲಿ ಬರೆದ ಚಿತ್ರಗಳು ಮೊದಲು ಅರಮನೆಗಳ ಗೋಡೆಯ ಮೇಲಷ್ಟೇ ಇದ್ದವು. ತಿರುವಾಂಕೂರಿನಲ್ಲೂ ಬರೋಡಾದಲ್ಲೂ ದಿವಾನರಾಗಿದ್ದ ಸರ್ ಟಿ. ಮಾಧವರಾಯರು, ಇವನ್ನು ಅಚ್ಚು ಹಾಕಿಸಿದರೆ ಎಲ್ಲರ ಮನೆಗೂ ಮುಟ್ಟುತ್ತವೆ ಎಂದು ರವಿವರ್ಮರಿಗೆ ಸೂಚಿಸಿದ್ದರು. ಸುಮಾರು ಹತ್ತು ವರ್ಷದ ಮೇಲೆ, 1894ರಲ್ಲಿ, ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ಹಾಕಿದರು. ಅದು ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಸಾಲ, ಕಷ್ಟನಷ್ಟಗಳಿಂದ ಕೊನೆಗೆ ಅದನ್ನು ಫ್ರಿಟ್ಜ್ ಶ್ಲೈಕರ್ ಎಂಬ ಜರ್ಮನಿಯ ತಂತ್ರಜ್ಞರಿಗೆ ಮಾರಬೇಕಾಯಿತು. 1906ರಲ್ಲಿ ರವಿವರ್ಮ ತೀರಿಕೊಂಡರೂ ಅವರ ಅಚ್ಚಿನ ಪಟಗಳು ನಿಲ್ಲಲಿಲ್ಲ.

ಆ ಅಚ್ಚಿನ ಕೆಲಸ ಸುಲಭದ್ದಲ್ಲ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಎಡಬಲ ತಿರುಗಿಸಿ ಬರೆಯಬೇಕು. ಕಲ್ಲಿಗೆ ನೀರು ಹಚ್ಚಿದರೆ ಜಿಡ್ಡಿದ್ದ ಕಡೆ ನೀರು ನಿಲ್ಲದು, ಅಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಹಾಳೆ ಮತ್ತೆ ಮತ್ತೆ ಯಂತ್ರಕ್ಕೆ ಹೋಗಿ ಬರಬೇಕು, ಕೂದಲೆಳೆಯಷ್ಟು ಜರುಗಿದರೂ ಲಕ್ಷ್ಮಿಯ ಕಣ್ಣು ಕೆನ್ನೆಗೆ ಇಳಿಯುತ್ತದೆ. ಕೊನೆಗೆ ವಾರ್ನಿಷ್ ಹಚ್ಚಿ ಎಣ್ಣೆಬಣ್ಣದ ಚಿತ್ರದ ಹಾಗೆ ಹೊಳೆಯುವಂತೆ ಮಾಡುತ್ತಿದ್ದರು. ಹೀಗೆ ಅರಮನೆಯ ಚಿತ್ರ ಗುಮಾಸ್ತರ ಮನೆಗೆ ಬಂತು. ದೇವಸ್ಥಾನದೊಳಗೆ ಹೋಗಲು ಬಿಡದವರ ಮನೆಗೂ ದೇವರು ಬಂದ. ಇದು ದೊಡ್ಡ ಉಪಕಾರವೇ. ಆದರೆ ಅದರ ಜೊತೆಗೆ ಇನ್ನೊಂದೂ ಬಂತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ದೇವಿಗೆ ಒಂದೇ ಮುಖ, ಒಂದೇ ಮೈಬಣ್ಣ, ಸೀರೆ ಉಡುವ ಒಂದೇ ರೀತಿ ಗಟ್ಟಿಯಾಯಿತು. ಚೆಲುವೆ ಎಂದರೆ ಹೇಗಿರಬೇಕು ಎಂಬುದೂ ಆ ಕಲ್ಲಿನ ಮೇಲೇ ಅಚ್ಚಾಯಿತು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರು 1889ರಲ್ಲಿ ಬರೆದ ಗಾಯಕಿಯರ ಗುಂಪಿನ ಚಿತ್ರವನ್ನು ನಾನು ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಹೋಗಿ ನೋಡಿದ್ದೆ. ಬೇರೆ ಬೇರೆ ಪ್ರಾಂತ್ಯದ ಹೆಂಗಸರು ಅವರವರ ಉಡುಗೆಯಲ್ಲಿ ಕೂತಿದ್ದಾರೆ. ಅಜ್ಜಿ ಒಬ್ಬೊಬ್ಬರನ್ನೇ ತೋರಿಸಿ "ಇವಳು ಮಲಯಾಳಿ, ಇವಳು ಮರಾಠಿ, ಇವಳು ಮುಸಲರವಳು" ಎಂದು ಹೇಳುತ್ತಾ ಹೋದರು. ಹೆಂಗಸರನ್ನು ಹೀಗೆ ನಮೂನೆ ನಮೂನೆಯಾಗಿ ವಿಂಗಡಿಸಿ ನೋಡುವ ಅಭ್ಯಾಸ ನಮಗೆ ಎಲ್ಲಿಂದ ಬಂತು ಎಂದು ಆಗ ನನಗೆ ಹೊಳೆಯಲಿಲ್ಲ. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ "ದಿ ಪೀಪಲ್ ಆಫ್ ಇಂಡಿಯಾ" ಎಂಬ ಎಂಟು ಸಂಪುಟಗಳನ್ನು ಹೊರತಂದಿತ್ತು. ಅವುಗಳಲ್ಲಿ ಜಾತಿ, ಬುಡಕಟ್ಟು, ಕಸುಬಿಗೊಂದರಂತೆ ಫೋಟೋ ಅಂಟಿಸಿ, ಇವರು ನಂಬಿಕಸ್ತರು, ಇವರು ಕಳ್ಳರು ಎಂಬಂಥ ವಿವರಣೆ ಬರೆದಿದ್ದರು.

ಈಗ ಪುಷ್ಪಮಾಲಾ ಅವರ ಕಡೆಗೆ ಬರೋಣ. ಅವರು ಹುಟ್ಟಿದ್ದು 1956ರಲ್ಲಿ, ಬೆಂಗಳೂರಿನಲ್ಲಿ. ನಮ್ಮ ನಿಮ್ಮ ಹಾಗೆ ಇಲ್ಲೇ ಬಿ.ಎ. ಓದಿದರು. ಬೆಂಗಳೂರಿನ ಶಿಲ್ಪಿ ಬಾಲನ್ ನಂಬಿಯಾರ್ ಅವರ ಹತ್ತಿರ ಕಲೆಯ ಮೊದಲ ಪಾಠ. ಆಮೇಲೆ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಓದಿ 1985ರಲ್ಲಿ ಎಂ.ಎಫ್.ಎ. ಮುಗಿಸಿದರು. ಸುಟ್ಟ ಮಣ್ಣಿನಲ್ಲಿ ಹೆಣ್ಣುಮಕ್ಕಳ ಆಕೃತಿಗಳನ್ನು ಮಾಡುತ್ತಿದ್ದರು. 1986ರಲ್ಲಿ ದೆಹಲಿಯ ಆರನೇ ತ್ರೈವಾರ್ಷಿಕ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಅಷ್ಟು ಹೆಸರು ಬಂದ ಮೇಲೆ ಬೇರೆಯವರಾಗಿದ್ದರೆ ಅದೇ ಮಣ್ಣಿನಲ್ಲಿ ನೆಮ್ಮದಿಯಾಗಿ ಮುಂದುವರಿಯುತ್ತಿದ್ದರು. ಇವರು ಹತ್ತು ವರ್ಷದೊಳಗೆ ಮಣ್ಣನ್ನು ಬಿಟ್ಟು ರದ್ದಿ ಕಾಗದಕ್ಕೆ ಬಂದರು, ಕಾಗದದಿಂದ ಫೋಟೋಗೆ ಬಂದರು. ಆ ಫೋಟೋದಲ್ಲಿ ತಾವೇ ವೇಷ ಹಾಕಿ ನಿಂತರು. ಮೂರ್ತಿ ಮಾಡುತ್ತಿದ್ದವರು ತಾವೇ ಮೂರ್ತಿಯಾಗಿ ನಿಂತ ಹಾಗಾಯಿತು.

ಇದಕ್ಕೆ ಅವರು ಇಟ್ಟ ಹೆಸರು ಫೋಟೋ-ಪರ್ಫಾರ್ಮೆನ್ಸ್. ನಮಗೆ ಅರ್ಥವಾಗುವಂತೆ ಹೇಳುವುದಾದರೆ ಸ್ತಬ್ಧಚಿತ್ರ. ದಸರಾ ಮೆರವಣಿಗೆಯಲ್ಲಿ ಲಾರಿಯ ಮೇಲೆ ವೇಷ ಹಾಕಿ ಅಲ್ಲಾಡದೆ ನಿಲ್ಲುತ್ತಾರಲ್ಲ, ಅದೇ. ಕೊನೆಗೆ ಉಳಿಯುವುದು ಅಚ್ಚಾದ ಒಂದು ಫೋಟೋ, ಆದರೆ ಅದರ ಹಿಂದೆ ಒಂದು ನಾಟಕವೇ ನಡೆದಿರುತ್ತದೆ.

1996ರಿಂದ 98ರವರೆಗೆ ಮಾಡಿದ "ಫ್ಯಾಂಟಮ್ ಲೇಡಿ ಆರ್ ಕಿಸ್ಮತ್" ಕಪ್ಪು ಬಿಳುಪಿನ ಪತ್ತೇದಾರಿ ಸಿನಿಮಾದಂತಿದೆ. ಕಣ್ಣಿಗೆ ಮುಖವಾಡ ಹಾಕಿದ ಸಾಹಸಿ ಹೆಣ್ಣೊಬ್ಬಳು ಮುಂಬಯಿಯಲ್ಲಿ ಓಡಾಡುತ್ತಾಳೆ. 1935ರ "ಹಂಟರ್‌ವಾಲಿ" ಚಿತ್ರದ ನಾಡಿಯಾ ನಿಮ್ಮ ಅಮ್ಮಂದಿರಿಗೆ ನೆನಪಿರಬಹುದು, ಆಕೆಯ ನೆನಪಿನಲ್ಲಿ ಹುಟ್ಟಿದ ಪಾತ್ರ ಇದು. 1998ರ "ಸುನಹರೆ ಸಪ್ನೆ" ನನಗೆ ಇನ್ನೂ ಹತ್ತಿರ. ಅದರಲ್ಲಿ ಒಬ್ಬ ಸಾಧಾರಣ ಗೃಹಿಣಿ, ಮತ್ತು ಅವಳು ಕನಸಿನಲ್ಲಿ ಕಾಣುವ ಬೆಡಗಿನ ಇನ್ನೊಬ್ಬಳು. ಎರಡೂ ಪುಷ್ಪಮಾಲಾ ಅವರೇ. ಕಪ್ಪು ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ತುಂಬಿದ್ದಾರೆ. ನನ್ನ ಅಮ್ಮನ ಮದುವೆಯ ಫೋಟೋಗೂ ಹೀಗೇ ಕೈಯಿಂದ ಬಣ್ಣ ಹಾಕಿದ್ದರು. ಕೆನ್ನೆಗೆ ಗುಲಾಬಿ, ಸೀರೆಗೆ ಹಸಿರು. "ನನ್ನ ಸೀರೆ ನಿಜವಾಗಿ ಕೆಂಪು, ಅವನು ಹಸಿರು ಬಳಿದುಬಿಟ್ಟ" ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು.

ನನ್ನ ಅಕ್ಕನ ಮಗಳು ತಂದಿದ್ದ ಪುಸ್ತಕ "ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ" ಎಂಬ ಸರಣಿಯದು. ಬೆಂಗಳೂರಿನಲ್ಲೇ ನೆಲೆಸಿರುವ ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಸೇರಿ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ಸಹಾಯದಿಂದ 2000ದಿಂದ 2004ರವರೆಗೆ ಮಾಡಿದ್ದು. ದಕ್ಷಿಣ ಭಾರತದ ಹೆಣ್ಣು ಎಂದರೆ ನಮ್ಮ ಮನಸ್ಸಿಗೆ ಬರುವ ಹತ್ತು ಚಿತ್ರಗಳನ್ನು ಆರಿಸಿಕೊಂಡು, ಅವನ್ನು ಮತ್ತೆ ಕಟ್ಟಿ, ಅದರೊಳಗೆ ಹೋಗಿ ನಿಂತಿದ್ದಾರೆ. ಅದರಲ್ಲಿ ನಮ್ಮ ಲಕ್ಷ್ಮಿ ಇದ್ದಾಳೆ. ರವಿವರ್ಮರ ಬೆಳದಿಂಗಳ ಹೆಣ್ಣಿದ್ದಾಳೆ. ವೇಲಾಂಗಣ್ಣಿಯ ಮಾತೆ ಇದ್ದಾಳೆ. ಸುಮಾರು 400 ವರ್ಷದ ಹಿಂದೆ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಬರೆದ, ಈಗ ಐರ್ಲೆಂಡಿನ ಡಬ್ಲಿನ್ನಿನಲ್ಲಿರುವ ಯೋಗಿನಿ ಇದ್ದಾಳೆ. ಚಾಟಿ ಹಿಡಿದ ಜಯಲಲಿತಾ ಅವರ ಹಳೆಯ ಸಿನಿಮಾ ಸ್ಟಿಲ್ ಇದೆ. ಪೊಲೀಸರ ಕೈಗೆ ಸಿಕ್ಕ ಹೆಂಗಸರ ಪತ್ರಿಕಾ ಫೋಟೋ ಇದೆ. ನೀಲಗಿರಿಯ ತೋಡ ಹೆಂಗಸೊಬ್ಬಳು ಚೌಕಳಿ ಗೆರೆಗಳ ಪರದೆಯ ಮುಂದೆ ನಿಂತಿದ್ದಾಳೆ. 19ನೆಯ ಶತಮಾನದಲ್ಲಿ ಮನುಷ್ಯರ ಮೈಯಳತೆ ತೆಗೆಯಲು ಬ್ರಿಟಿಷರು ಅಂಥ ಚೌಕಗಳ ಮುಂದೆ ನಿಲ್ಲಿಸಿ ಫೋಟೋ ಹಿಡಿಯುತ್ತಿದ್ದರು.

ನಾನು ಆ ತೋಡ ಹೆಂಗಸಿನ ಪುಟವನ್ನೂ ಲಕ್ಷ್ಮಿಯ ಪುಟವನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಒಬ್ಬಳು ಪೂಜೆಗೆ ನಿಂತವಳು, ಇನ್ನೊಬ್ಬಳು ಅಳತೆಗೆ ನಿಂತವಳು. ಮುಖ ಒಂದೇ. ಇಬ್ಬರನ್ನೂ ಯಾರೋ "ಹೀಗೆ ನಿಲ್ಲು" ಎಂದು ಹೇಳಿ ನಿಲ್ಲಿಸಿದ್ದಾರೆ. ಗಂಡಿನ ಕಡೆಯವರಿಗೆ ಫೋಟೋ ತೆಗೆಸಿದ ದಿನ ಕೊಳ ಬರೆದ ಪರದೆಯ ಮುಂದೆ ನನ್ನನ್ನು ನಿಲ್ಲಿಸಿದ್ದು ಪೂಜೆಗೋ ಅಳತೆಗೋ ಎಂದು ಯೋಚಿಸಿದೆ. ಅಳತೆಗೇ ಸರಿ.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂತು. ಸ್ಟುಡಿಯೋದವರು ಪರದೆಯ ಅಂಚು ಕಾಣದ ಹಾಗೆ ಫೋಟೋ ಹಿಡಿಯುತ್ತಾರೆ, ಅದೇ ಅವರ ಜಾಣತನ. ಪುಷ್ಪಮಾಲಾ ಸರಣಿಯಲ್ಲಿ, ಚಿತ್ರ ಕಟ್ಟಿದ ಬಗೆಯನ್ನು ತೋರಿಸುವ ಫೋಟೋಗಳನ್ನೂ ಸೇರಿಸಿದ್ದಾರೆ. ಪರದೆ ಎಲ್ಲಿ ಮುಗಿಯುತ್ತದೆ, ಅದರ ಆಚೆ ಏನಿದೆ ಎಂಬುದೆಲ್ಲ ಕಾಣುತ್ತದೆ. ಒಮ್ಮೆ ಪರದೆಯ ಅಂಚು ನೋಡಿದ ಮೇಲೆ ಲಕ್ಷ್ಮಿ ಮೊದಲಿನ ಹಾಗೆ ಕಾಣುವುದಿಲ್ಲ. ಇದರಿಂದ ನನ್ನ ಭಕ್ತಿಗೆ ಕುಂದು ಬಂತೇ ಎಂದು ನೀವು ಕೇಳಬಹುದು. ಇಲ್ಲ. ಅಜ್ಜಿಯ ಪಟಕ್ಕೆ ಈಗಲೂ ಶುಕ್ರವಾರ ದೀಪ ಹಚ್ಚುತ್ತೇನೆ. ಕನ್ನಡಿಯ ಕಡೆಗೆ ತಿರುಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಈಗ ನನ್ನ ತಪ್ಪಿನ ವಿಷಯ.

1997ರಲ್ಲಿ ಸ್ವಾತಂತ್ರ್ಯದ ಸುವರ್ಣ ಮಹೋತ್ಸವ. ನಾನಿದ್ದ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಭಾರತಮಾತೆಯ ಸ್ತಬ್ಧಚಿತ್ರ ಮಾಡುವುದೆಂದು ತೀರ್ಮಾನವಾಗಿ, ಆ ಕೆಲಸ ನನ್ನ ಪಾಲಿಗೆ ಬಂತು. ಏಳನೇ ಕ್ಲಾಸಿನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬ ಹುಡುಗಿ ತಾನಾಗಿ ಕೈ ಎತ್ತಿದಳು. ಇಡೀ ಕ್ಲಾಸಿಗೆ ಅವಳ ಕನ್ನಡ ಚೆನ್ನ, ಧ್ವನಿ ಗಟ್ಟಿ, ಅರ್ಧ ಗಂಟೆ ನಿಲ್ಲು ಎಂದರೆ ರೆಪ್ಪೆ ಹೊಡೆಯದೆ ನಿಲ್ಲುವಂಥವಳು. ಆದರೆ ಕಪ್ಪಗಿದ್ದಳು. ನನಗಿಂತ ಕಪ್ಪು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ನೀನು ಎತ್ತರ ಇದ್ದೀಯಲ್ಲ, ಹಿಂದೆ ಪರದೆ ಹಿಡಿದುಕೋ" ಎಂದೆ. ಬೆಳ್ಳಗಿದ್ದ ಇನ್ನೊಬ್ಬಳಿಗೆ ಕಿರೀಟ ಇಟ್ಟೆ. ಅವಳು ಎರಡೇ ನಿಮಿಷಕ್ಕೆ ಕಾಲು ನೋವು ಎಂದು ಅತ್ತಳು. ಹಿಮಾಲಯ ಬರೆದ ಪರದೆಯ ಎಡ ತುದಿಯನ್ನು ಹಿಡಿದುಕೊಂಡು, ಕೈ ಮೇಲೆತ್ತಿಕೊಂಡು, ಆ ಹುಡುಗಿ ಕಾರ್ಯಕ್ರಮ ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದಳು. ಅವಳು ಪರದೆಯ ಹಿಂದೆ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ನನ್ನ ಬಣ್ಣ ನೋಡಿ ಮಾತಾಡಿದ ಆ ಹಿರಿಯರ ಮೇಲೆ ಏಳು ವರ್ಷ ಕೋಪ ಇಟ್ಟುಕೊಂಡಿದ್ದವಳು ನಾನು. ಅದೇ ಮಾತನ್ನು ಬಾಯಿ ಬಿಡದೆ ಹನ್ನೆರಡು ವರ್ಷದ ಮಗುವಿಗೆ ಹೇಳಿದೆ. ಭಾರತಮಾತೆ ಬೆಳ್ಳಗಿರಬೇಕೆಂದು ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಕ್ಯಾಲೆಂಡರಿನಲ್ಲಿ ಹಾಗಿತ್ತು.

ಭಾರತಮಾತೆಯ ಚಿತ್ರಕ್ಕೂ ಒಂದು ಹುಟ್ಟಿದ ವರ್ಷ ಇದೆ ಎಂದು ನನಗೆ ಗೊತ್ತಾದದ್ದು ಪುಷ್ಪಮಾಲಾ ಅವರ ಕೆಲಸದ ಹಿಂದೆ ಬಿದ್ದ ಮೇಲೆ. ಬಂಗಾಳದ ವಿಭಜನೆಯ ಚಳವಳಿಯ ಕಾಲದಲ್ಲಿ, 1905ರಲ್ಲಿ, ಅವನೀಂದ್ರನಾಥ ಠಾಕೂರರು ಬರೆದ ಭಾರತಮಾತೆ ಕಾವಿ ಉಟ್ಟ ಸಾಧ್ವಿ. ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಜಪಮಾಲೆ, ಬಿಳಿ ಬಟ್ಟೆ. ಅಲ್ಲಿ ಕಿರೀಟ ಇಲ್ಲ, ಸಿಂಹವೂ ಇಲ್ಲ. ಅವೆಲ್ಲ ಅಚ್ಚಿನ ಪಟಗಳಲ್ಲಿ ಒಂದೊಂದಾಗಿ ಬಂದು ಸೇರಿದವು. ಪುಷ್ಪಮಾಲಾ 2005ರ ನಂತರದ ವರ್ಷಗಳಲ್ಲಿ "ಮದರ್ ಇಂಡಿಯಾ" ಎಂಬ ದೊಡ್ಡ ಕೆಲಸವನ್ನೇ ಕೈಗೆತ್ತಿಕೊಂಡು, ತಾವೇ ಆ ತಾಯಿಯ ಬೇರೆ ಬೇರೆ ರೂಪಗಳಲ್ಲಿ ನಿಂತಿದ್ದಾರೆ. ಆಗ ಅವರ ವಯಸ್ಸು ಐವತ್ತರ ಸುಮಾರು. ಮಧ್ಯವಯಸ್ಸಿನ, ನಮ್ಮ ನಿಮ್ಮಂಥ ಮೈಕಟ್ಟಿನ ಭಾರತಮಾತೆ! ಮೊದಲು ನೋಡಿದಾಗ ವಿಚಿತ್ರ ಅನ್ನಿಸಿತು. ಆಮೇಲೆ, ತಾಯಿ ಎಂದ ಮೇಲೆ ಹದಿನೆಂಟರ ಹುಡುಗಿಯ ಹಾಗೆ ಇರುವುದು ತಾನೇ ವಿಚಿತ್ರ ಅನ್ನಿಸಿತು.

2012ರ ಸುಮಾರಿಗೆ ಅವರು ರಾಮಾಯಣದ ಕೈಕೇಯಿ, ಶೂರ್ಪನಖಿ, ಸೀತೆಯರನ್ನೂ ಹೀಗೇ ಎತ್ತಿಕೊಂಡರು. 2018ರಲ್ಲಿ ತಾಮ್ರದ ತಗಡುಗಳ ಮೇಲೆ ಹಳೆಯ, ಅಳಿದುಹೋದ ಲಿಪಿಗಳನ್ನು ಕೊರೆಸಿ, ನಮ್ಮ ತಾಮ್ರಶಾಸನಗಳ ಹಾಗೆ ಜೋಡಿಸಿಟ್ಟರು. 2019ರ ಚೆನ್ನೈ ಫೋಟೋ ಬಿಯೆನಾಲೆಯ ಕಲಾ ನಿರ್ದೇಶಕಿಯಾಗಿದ್ದರು. ಬೆಂಗಳೂರಿನಲ್ಲಿ "ಸೋಂಬೇರಿಕಟ್ಟೆ" ಎಂಬ ಹೆಸರಿನಲ್ಲಿ ಒಂದು ಕಾಲ್ಪನಿಕ ಸಂಸ್ಥೆಯನ್ನೂ ನಡೆಸಿದ್ದಾರೆ. ಹೆಸರು ಕೇಳಿಯೇ ನನಗೆ ಇಷ್ಟವಾಯಿತು. ಊರಿನ ಅರಳಿಕಟ್ಟೆಯ ಮೇಲೆ ಗಂಡಸರು ಕೂತು ಹರಟುವುದಕ್ಕೆ ಯಾರೂ ಹೆಸರಿಡುವುದಿಲ್ಲ. ಹೆಂಗಸು ಒಂದು ಗಳಿಗೆ ಸುಮ್ಮನೆ ಕೂತರೆ ಸೋಂಬೇರಿ ಎನ್ನುತ್ತಾರೆ.

ಅವರ ಕೆಲಸಗಳಲ್ಲಿ ಒಂದನ್ನು ಮಾತ್ರ ನಾನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ರಾಜರಾಜೇಶ್ವರಿ ನಗರದ ಅವರ ಮನೆಯ ಮುಂದೆ ಗುಂಡಿಟ್ಟು ಕೊಂದರು. ಆ ದಿನ ಶಿಕ್ಷಕರ ದಿನಾಚರಣೆ. ಮಕ್ಕಳು ಕೊಟ್ಟ ಹೂವು ಇನ್ನೂ ಮೇಜಿನ ಮೇಲಿದ್ದಾಗ ಟಿವಿಯಲ್ಲಿ ಸುದ್ದಿ ಬಂತು. ಪುಷ್ಪಮಾಲಾ ಅವರ ಗೆಳತಿ. ಅವರು ಮುಂದೆ ಮಾಡಿದ ಪ್ರದರ್ಶನದ ಹೆಸರು "ಗೌರಿ ಲಂಕೇಶರ ಅರ್ಜೆಂಟ್ ಸಾರು". ಗೆಳತಿ ಅವಸರದಲ್ಲಿ ಮಾಡಿಕೊಳ್ಳುತ್ತಿದ್ದ ಸಾರನ್ನು ಜನರ ಮುಂದೆ ಮಾಡಿ ತೋರಿಸುವುದು. ಘೋಷಣೆ ಇಲ್ಲ, ಭಾಷಣ ಇಲ್ಲ. ಕೆಲಸಕ್ಕೆ ಹೋಗುವ ಹೆಂಗಸು ಸಂಜೆ ಮನೆಗೆ ಬಂದು, ಬೇಳೆ ಬೇಯಲು ಹೊತ್ತಿಲ್ಲದೆ, ಇದ್ದುದರಲ್ಲೇ ಒಂದು ಸಾರು ಮಾಡಿಕೊಳ್ಳುವುದು ನಮಗೆಲ್ಲ ಗೊತ್ತಿರುವುದೇ. ಗೌರಿಯವರ ವಿಚಾರಗಳನ್ನು ಒಪ್ಪುವವರಿದ್ದಾರೆ, ಒಪ್ಪದವರಿದ್ದಾರೆ. ಒಗ್ಗರಣೆಯ ವಾಸನೆಗೆ ಆ ಭೇದ ಇಲ್ಲ. ತೀರಿಕೊಂಡವರ ತಿಥಿಗೆ ಅವರಿಗೆ ಇಷ್ಟವಾದ ಅಡಿಗೆ ಮಾಡುತ್ತೇವಲ್ಲ, ಇದೂ ಅದೇ ಜಾತಿಯದು.

ಹೋದ ವರ್ಷ ಗೌರಿಹಬ್ಬದ ಹಿಂದಿನ ದಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಾಗಿನದ ಸಾಮಾನು ಕೊಳ್ಳುತ್ತಿದ್ದೆ. ಹಿಂದಿನಿಂದ ಯಾರೋ "ಮಿಸ್" ಎಂದರು. ತಿರುಗಿದೆ. ನಲವತ್ತರ ಹತ್ತಿರದ ಹೆಣ್ಣುಮಗಳು, ಎತ್ತರ, ಕೈಯಲ್ಲಿ ಹೂವಿನ ಚೀಲ, ಜೊತೆಗೆ ಅವಳಷ್ಟೇ ಎತ್ತರದ ಮಗಳು. ನನಗೆ ತಕ್ಷಣ ಗುರುತಾಯಿತು, ಆದರೆ ಬಾಯಿ ಬರಲಿಲ್ಲ.

"ನೆನಪಿಲ್ವಾ ಮಿಸ್? ನಾನು ಪರದೆ ಹಿಡಿದುಕೊಂಡಿದ್ದೆ" ಎಂದು ನಕ್ಕಳು.

ಅವಳಿಗೆ ಅದು ತಮಾಷೆಯ ನೆನಪೋ ಅಲ್ಲವೋ ನನಗೆ ತಿಳಿಯಲಿಲ್ಲ. ಇಪ್ಪತ್ತೇಳು ವರ್ಷದ ಮೇಲೆ ತನ್ನ ಗುರುತು ಹೇಳಲು ಅವಳು ಆರಿಸಿಕೊಂಡದ್ದು ಅದನ್ನೇ. ಅವಳ ಕನ್ನಡ, ಅವಳ ಅಂಕಗಳು ಯಾವುದೂ ಅಲ್ಲ. ಸಂತೆಯ ಗದ್ದಲದಲ್ಲಿ, ಬಾಳೆಕಂದಿನ ರಾಶಿಯ ಪಕ್ಕ ನಿಂತು, "ನೆನಪಿದೆಯಮ್ಮ. ಅವತ್ತು ಭಾರತಮಾತೆ ನೀನಾಗಬೇಕಿತ್ತು. ನಾನು ತಪ್ಪು ಮಾಡಿದೆ" ಎಂದೆ. ಅವಳು ನಗುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮಗಳು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಆಮೇಲೆ, "ಹೋಗಲಿ ಬಿಡಿ ಮಿಸ್, ಕೈ ಮಾತ್ರ ಎರಡು ದಿನ ನೋಯುತ್ತಿತ್ತು" ಎಂದು, ತನ್ನ ಚೀಲದಿಂದ ಒಂದು ಮೊಳ ಮಲ್ಲಿಗೆ ತೆಗೆದು ನನ್ನ ಕೈಗೆ ಕೊಟ್ಟಳು.

ಮಾರನೆಯ ದಿನ ಗೌರಿಗೆ ಮುಡಿಸಲು ಆ ಹೂವನ್ನೇ ತೆಗೆದುಕೊಂಡೆ.